ಐದು ತಿಂಗಳಲ್ಲಿ ಆರು ಬಲ್ಬ್: ಒಂದು ಹೆಡ್‌ಲೈಟ್ ಪ್ರಕರಣ

ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿದ್ದು 96 ಸಾವಿರ ಕಿಲೋಮೀಟರ್. ಎರಡೂ ಹೆಡ್‌ಲೈಟಿಗೆ ಒಂದೊಂದು ಎಚ್4 ಹ್ಯಾಲೊಜೆನ್ ಬಲ್ಬ್. ಅದರೊಳಗೆ ಬ್ರೈಟ್‌ಗೆ 60 ವ್ಯಾಟಿನ ಒಂದು ಫಿಲಮೆಂಟ್, ಡಿಪ್‌ಗೆ 55 ವ್ಯಾಟಿನ ಇನ್ನೊಂದು. ವಾರಕ್ಕೆ ನಾಲ್ಕು ದಿನ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ, ಕತ್ತಲಾದ ಮೇಲೆ ಅದೇ ದಾರಿಯಲ್ಲಿ ವಾಪಸ್. ದೀಪ ಉರಿಯುವುದು ವಾರಕ್ಕೆ ಹೆಚ್ಚುಕಡಿಮೆ 8 ಗಂಟೆ.

ಜೂನ್ ಮೊದಲ ವಾರದಿಂದ ಅಕ್ಟೋಬರ್ ಕೊನೆಯೊಳಗೆ ಎಡಗಡೆ ನಾಲ್ಕು, ಬಲಗಡೆ ಎರಡು ಬಲ್ಬ್ ಹೋದವು. ಪ್ರತಿ ಸಲವೂ ಮೊದಲು ಆರಿದ್ದು ಡಿಪ್. ಮಳೆಗಾಲದಲ್ಲಿ ಘಾಟಿಯ ಹದಿನಾಲ್ಕು ತಿರುವುಗಳನ್ನು ಒಂದೇ ಕಣ್ಣಿನ ಗಾಡಿಯಲ್ಲಿ ಹತ್ತುವುದು ಎಂಥ ಪಾಡು ಎಂದು ಆ ದಾರಿ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಎದುರಿಗೆ ಬರುವವರು ಬೈಕ್ ಎಂದುಕೊಂಡು ಮಧ್ಯಕ್ಕೇ ಬರುತ್ತಾರೆ.

ಅಲ್ಲಿಯವರೆಗೆ ಸಿಕ್ಕಿದ್ದ ಸಲಹೆಗಳು ಮೂರು. ಬಲ್ಬ್ ಡೂಪ್ಲಿಕೇಟು, ದುಬಾರಿಯದು ಹಾಕಿ. ರಿಲೇ ಕಿಟ್ (ಬ್ಯಾಟರಿಯಿಂದ ಬಲ್ಬಿಗೆ ನೇರ ಕರೆಂಟ್ ಕೊಡಲು ಹೊರಗಡೆ ಹಾಕಿಸಿದ್ದ ವೈರಿಂಗ್) ಕೆಟ್ಟಿದೆ, ಬದಲಿಸಿ. ಇದೆಲ್ಲ ರಗಳೆ ಬೇಡ, ಎಲ್‌ಇಡಿ ಹಾಕಿಬಿಡಿ. ಮೀಟರ್ ಹಚ್ಚಿ ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಹಿಂದಿನ ಒಂದು ವರ್ಷದಲ್ಲಿ ಏನೇನಾಗಿತ್ತು

ಬಲ್ಬ್ ಪದೇ ಪದೇ ಹೋಗುವ ಗಾಡಿ ಬಂದಾಗ ಬಾನೆಟ್ ಎತ್ತುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಇದು ಶುರುವಾಗುವ ಮುಂಚೆ ಗಾಡಿಯ ಕರೆಂಟಿನ ಕೆಲಸ ಏನಾದರೂ ಆಗಿತ್ತೇ? ಇಲ್ಲಿ ಎರಡು ಆಗಿದ್ದವು.

ಹಿಂದಿನ ಅಕ್ಟೋಬರಿನಲ್ಲಿ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬಿಚ್ಚಿಸಿ ಬೇರಿಂಗ್, ಬ್ರಷ್ ಮತ್ತು ಕಟ್‌ಔಟ್ ಹೊಸದು ಹಾಕಿಸಿದ್ದರು. ಕಟ್‌ಔಟ್ ಎಂದರೆ ಆಲ್ಟರ್ನೇಟರಿನ ಬೆನ್ನಿಗೆ ಕೂತು ವೋಲ್ಟ್ ಮಿತಿಮೀರದಂತೆ ನೋಡಿಕೊಳ್ಳುವ ವೋಲ್ಟೇಜ್ ರೆಗ್ಯುಲೇಟರ್. ಹಾಕಿದ್ದು ಮಾರುಕಟ್ಟೆಯ ಅಗ್ಗದ ಮಾಲು. ಆಮೇಲೆ ಏಪ್ರಿಲ್‌ನಲ್ಲಿ ಎರಡೂ ಕಡೆಯ ಬಲ್ಬ್ ಒಂದೊಂದು ಸಲ ಹೋಗಿದ್ದವು. ಹಳೆಯದಾಗಿದ್ದವು, ಹೋದವು ಎಂದುಕೊಂಡು ಮಾಲೀಕರು ಸುಮ್ಮನಾಗಿದ್ದರು.

ಜೂನ್‌ನಲ್ಲಿ, ಬೆಳಕು ಸಾಲದೆಂದು, ರಿಲೇ ಕಿಟ್ ಹಾಕಿಸಿ 100/90 ವ್ಯಾಟಿನ ಬಲ್ಬ್ ಕೂರಿಸಿದರು. ಬಲ್ಬ್ ಸಾಯುವುದು ಜೋರಾದದ್ದು ಅಲ್ಲಿಂದ. 100/90 ಹೋದ ಮೇಲೆ ಮತ್ತೆ 60/55ಕ್ಕೇ ಮರಳಿದರೂ ಸಾವು ನಿಲ್ಲಲಿಲ್ಲ. ಹಾಗಾಗಿ ಎಲ್ಲರ ಕಣ್ಣೂ ಕಿಟ್ ಮೇಲೆ.

ಮಾತಿನ ನಡುವೆ ಬಂದ ಇನ್ನೊಂದು ಸಂಗತಿಯನ್ನು ಯಾರೂ ದೀಪಕ್ಕೆ ಜೋಡಿಸಿರಲಿಲ್ಲ. ಬ್ಯಾಟರಿಗೆ ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಬೇಕಾಗುತ್ತಿತ್ತು. ಬೇಸಿಗೆಯಲ್ಲಾದರೆ ಸೆಕೆ ಎನ್ನಬಹುದು; ಜುಲೈ ತಿಂಗಳ ತೀರ್ಥಹಳ್ಳಿಯಲ್ಲಿ ಬ್ಯಾಟರಿಯ ನೀರು ಆರುವುದೆಂದರೆ ಯಾರೋ ಅದನ್ನು ಕುದಿಸುತ್ತಿದ್ದಾರೆ ಎಂದರ್ಥ.

ಸತ್ತ ಬಲ್ಬ್ ಏನು ಹೇಳುತ್ತದೆ

ಮಾಲೀಕರು ಹಳೆಯ ಬಲ್ಬುಗಳನ್ನು ಎಸೆಯದೆ ಅವುಗಳ ಡಬ್ಬಿಗಳಲ್ಲೇ ಹಾಕಿ, ಮೇಲೆ ಎಡ-ಬಲ ಎಂದು ಬರೆದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟಿದ್ದರು. ಅರ್ಧ ಪತ್ತೆ ಅದರಿಂದಲೇ ಆಯಿತು.

ಎಚ್4 ಬಲ್ಬಿನ ತುದಿಗೆ ಕಪ್ಪು ಬಣ್ಣದ ಟೋಪಿಯಿರುತ್ತದೆ. ಅದು ಕಂಪನಿಯೇ ಹಚ್ಚಿದ್ದು, ಸುಟ್ಟ ಗುರುತಲ್ಲ. ನೋಡಬೇಕಾದದ್ದು ನಡುವಿನ ಸ್ವಚ್ಛ ಗಾಜು, ಡಿಪ್ ಫಿಲಮೆಂಟಿನ ಕೆಳಗಿನ ಪುಟ್ಟ ಲೋಹದ ಬಟ್ಟಲು ಮತ್ತು ಫಿಲಮೆಂಟ್ ತುಂಡಾದ ತುದಿಗಳು. ಒಂದು ಭೂತಗನ್ನಡಿ, ಹಿಂದಿನಿಂದ ಟಾರ್ಚ್, ಇಷ್ಟು ಸಾಕು.

ಬಲಗಡೆಯ ಎರಡೂ ಒಂದೇ ಥರ ಸತ್ತಿದ್ದವು. ಗಾಜಿನ ಒಳಮೈಗೆ ಬೂದು ಬಣ್ಣದ ಕನ್ನಡಿಯಂಥ ಲೇಪ. ಫಿಲಮೆಂಟಿನ ಸುರುಳಿ ಜೋತುಬಿದ್ದಿದೆ. ತುಂಡಾದ ಎರಡು ತುದಿಗಳಲ್ಲೂ ಸಾಸಿವೆಗಿಂತ ಚಿಕ್ಕ ಹೊಳೆಯುವ ಗುಂಡು, ಅಂದರೆ ಟಂಗ್‌ಸ್ಟನ್ ಕರಗಿ ಹನಿಯಾಗಿದೆ. ಇದು ಹೆಚ್ಚು ವೋಲ್ಟಿನಲ್ಲಿ ಉರಿದು ಸವೆದು ಸತ್ತ ಬಲ್ಬಿನ ಲಕ್ಷಣ. ಅಲುಗಾಟಕ್ಕೆ ಮುರಿದಿದ್ದರೆ ತುದಿ ಚೂಪಾಗಿ, ಮುರಿದ ಕಡ್ಡಿಯ ಹಾಗೆ ಇರುತ್ತದೆ. ಗುಂಡೂ ಇಲ್ಲ, ಬೂದಿಯೂ ಇಲ್ಲ. ಹೆಡ್‌ಲೈಟನ್ನು ಹಿಡಿದಿಡುವ ಕಿವಿ ಮುರಿದು ಡೂಮ್, ಅಂದರೆ ಹೆಡ್‌ಲೈಟಿನ ಇಡೀ ಗೂಡು, ಅಲ್ಲಾಡುವ ಗಾಡಿಗಳಲ್ಲಿ ಅಂಥವು ಸಿಗುತ್ತವೆ. ಈ ಗಾಡಿಯ ಡೂಮ್ ಗಟ್ಟಿಯಾಗಿಯೇ ಇತ್ತು.

ಎಡಗಡೆಯವು ಬೇರೆಯೇ ಕಥೆ ಹೇಳಿದವು. ಮೊದಲನೆಯದು, ಮೂರೇ ವಾರ ಬಾಳಿದ 100/90, ಅದರ ಗಾಜು ಒಂದು ಪಕ್ಕ ಗುಳ್ಳೆಯಂತೆ ಉಬ್ಬಿತ್ತು. ಅದು ಬೆರಳು ತಾಗಿದ ಜಾಗ. ಉರಿಯುವ ಹ್ಯಾಲೊಜೆನ್ ಗಾಜು ನೂರಾರು ಡಿಗ್ರಿ ಕಾಯುತ್ತದೆ, ಕಾಯಲೇಬೇಕು. ಸುಮಾರು 250 ಡಿಗ್ರಿಗಿಂತ ಕೆಳಗೆ, ಆವಿಯಾದ ಟಂಗ್‌ಸ್ಟನ್ನನ್ನು ಮತ್ತೆ ಫಿಲಮೆಂಟಿಗೆ ಮರಳಿಸುವ ಹ್ಯಾಲೊಜೆನ್ ಚಕ್ರವೇ ತಿರುಗುವುದಿಲ್ಲ. ಬೆರಳಿನ ಜಿಡ್ಡು ಮತ್ತು ಉಪ್ಪು ಆ ಶಾಖದಲ್ಲಿ ಗಾಜಿನೊಳಗೆ ಇಳಿದು ಆ ಒಂದು ಕಡೆ ಅದನ್ನು ದುರ್ಬಲ ಮಾಡುತ್ತದೆ. ಒಳಗಿನ ಅನಿಲದ ಒತ್ತಡ ಅಲ್ಲಿ ಗಾಜನ್ನು ಉಬ್ಬಿಸುತ್ತದೆ.

ಎಡಗಡೆಯ ಎರಡನೆಯದು ಮತ್ತು ನಾಲ್ಕನೆಯದು ಒಳಗೆಲ್ಲ ಬೆಳ್ಳಗಾಗಿದ್ದವು, ಮಜ್ಜಿಗೆ ಕುಡಿದಿಟ್ಟ ಲೋಟದ ಹಾಗೆ. ಗಾಳಿ ಒಳಹೊಕ್ಕಾಗ ಮಾತ್ರ ಹೀಗಾಗುತ್ತದೆ. ಆಮ್ಲಜನಕ ಸಿಕ್ಕ ಕ್ಷಣ ಕೆಂಡವಾಗಿದ್ದ ಟಂಗ್‌ಸ್ಟನ್ ಉರಿದು ಅದರ ಆಕ್ಸೈಡ್ ಗಾಜಿಗೆ ಹೊಗೆಯಂತೆ ಅಂಟುತ್ತದೆ. ಗಾಜು ಎಲ್ಲೋ ಬಿರಿದಿರಬೇಕು, ಇಲ್ಲವೇ ಪಿನ್ ಹೊರಬರುವ ಬುಡದ ಸೀಲ್ ಬಿಟ್ಟಿರಬೇಕು. ಒಂಬತ್ತು ವಾರ ಬಾಳಿದ ಮೂರನೆಯದು ಮಾತ್ರ ಬಲಗಡೆಯವುಗಳ ಜಾತಿ: ಬೂದಿ, ಗುಂಡು, ಜೋತುಬಿದ್ದ ಸುರುಳಿ.

ಅಂದರೆ ಗಾಡಿಯಲ್ಲಿರುವ ರೋಗ ಒಂದಲ್ಲ. ಎರಡೂ ಕಡೆಗೆ ಸೇರಿದ ಒಂದು, ಎಡಕ್ಕೆ ಮಾತ್ರ ಸೇರಿದ ಇನ್ನೊಂದು.

ಮೀಟರ್ ಹಚ್ಚಿದಾಗ

ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಡಿಸಿ 20 ವೋಲ್ಟ್ ಸ್ಕೇಲ್. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ತೋರಿಸಿತು; ಸರಿ ಇದೆ. ಎಂಜಿನ್ ಚಾಲೂ ಮಾಡಿದಾಗ ಐಡ್ಲಿಂಗಿನಲ್ಲಿ 15.1. ಆಕ್ಸಿಲರೇಟರ್ ಒತ್ತಿ 2000 ಆರ್‌ಪಿಎಂನಲ್ಲಿ ಹಿಡಿದಾಗ 15.4. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿದರೂ 15.3ಕ್ಕಿಂತ ಕೆಳಗಿಳಿಯಲಿಲ್ಲ. ಆ ಕಾಲದ, ಈ ಜಾತಿಯ ಗಾಡಿಯಲ್ಲಿ ಇರಬೇಕಾದದ್ದು 13.8ರಿಂದ 14.5.

ಒಂದು ಎಚ್ಚರಿಕೆ. ಈಚಿನ ಹಲವು ಗಾಡಿಗಳಲ್ಲಿ ಚಾರ್ಜಿಂಗನ್ನು ಇಸಿಯು, ಅಂದರೆ ಗಾಡಿಯ ಕಂಪ್ಯೂಟರ್, ನಿಭಾಯಿಸುತ್ತದೆ. ವೋಲ್ಟ್ ಹೊತ್ತಿಗೊಂದು ಥರ ಏರಿಳಿಯುವುದು ಅಲ್ಲಿ ಸಹಜ. ಒಂದು ಸಲ 14.8 ಕಂಡಿತೆಂದು ಆಲ್ಟರ್ನೇಟರ್ ಬಿಚ್ಚಬಾರದು. ಈ ಗಾಡಿಯದು ಹಳೆಯ ಪದ್ಧತಿ, ಕಟ್‌ಔಟ್ ಹೇಳಿದ್ದೇ ಅಂತಿಮ.

ಆಮೇಲೆ ಬಲ್ಬಿನ ಬುಡದಲ್ಲಿ ಅಳತೆ. ಇಲ್ಲಿ ಹೆಚ್ಚಿನವರು ಎಡವುತ್ತಾರೆ: ಬಲ್ಬ್ ಕಳಚಿ, ಖಾಲಿ ಹೋಲ್ಡರಿಗೆ ಮೀಟರ್ ಚುಚ್ಚುತ್ತಾರೆ. ಕರೆಂಟ್ ಹರಿಯದ ತಂತಿಯಲ್ಲಿ ಎಷ್ಟು ತುಕ್ಕಿದ್ದರೂ ವೋಲ್ಟ್ ಪೂರ್ತಿಯೇ ಕಾಣುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ಹೋಲ್ಡರಿನ ಹಿಂಬದಿಯಿಂದ ತೆಳುವಾದ ಪಿನ್ ತೂರಿಸಿ, ಕಾಮನ್ ಪಿನ್‌ಗೂ (ಡಿಪ್, ಬ್ರೈಟ್ ಎರಡಕ್ಕೂ ಸೇರಿದ್ದು) ಡಿಪ್ ಪಿನ್‌ಗೂ ನಡುವೆ ನೋಡಬೇಕು. ಯಾವುದು ಪ್ಲಸ್, ಯಾವುದು ಅರ್ತ್ (ಮೈನಸ್) ಎಂಬ ಗೊಂದಲವೂ ಆಗ ಬರುವುದಿಲ್ಲ. ಜಪಾನಿ ಮೂಲದ ಕೆಲವು ಗಾಡಿಗಳಲ್ಲಿ ಕಾಮನ್ ಪಿನ್‌ಗೇ ಪ್ಲಸ್ ಬಂದು, ಡಿಪ್-ಬ್ರೈಟ್ ಬದಲಾಗುವುದು ಅರ್ತ್ ಕಡೆಯಿಂದ.

ಬಲಗಡೆ 15.1 ಬಂತು. ಎಡಗಡೆ 14.2ರಿಂದ 14.6ರ ನಡುವೆ ಓಲಾಡುತ್ತಿತ್ತು. ತಂತಿ ಅಲ್ಲಾಡಿಸಿದರೆ ದೀಪ ಮಿಣುಕುತ್ತಿತ್ತು.

ಹ್ಯಾಲೊಜೆನ್ ಬಲ್ಬಿನ ಆಯುಸ್ಸು ವೋಲ್ಟಿಗೆ ತೀರಾ ಸೂಕ್ಷ್ಮ. ವೋಲ್ಟ್ ಶೇ 5 ಏರಿದರೆ ಬೆಳಕು ಶೇ 18ರಷ್ಟು ಹೆಚ್ಚುತ್ತದೆ, ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಬಲ್ಬುಗಳ ಆಯುಸ್ಸನ್ನು ಲೆಕ್ಕ ಹಾಕುವುದು 13.2 ವೋಲ್ಟಿನಲ್ಲಿ. ಅಲ್ಲಿ 500 ಗಂಟೆ ಬಾಳುವ ಡಿಪ್ ಫಿಲಮೆಂಟ್ 15.1ರಲ್ಲಿ ಬಾಳುವುದು ಆರನೇ ಒಂದು ಪಾಲಿನ ಆಸುಪಾಸು, ಅಂದರೆ ಎಂಬತ್ತು-ತೊಂಬತ್ತು ಗಂಟೆ. ಬಲಗಡೆಯ 60/55 ಹನ್ನೊಂದು ವಾರ ಬಾಳಿತ್ತು. ವಾರಕ್ಕೆ 8 ಗಂಟೆಯಂತೆ 88.

ಕಿಟ್ ಮಾಡಿದ್ದೇನು

ಕಟ್‌ಔಟ್ ಕೆಟ್ಟದ್ದು ಅಕ್ಟೋಬರಿನಲ್ಲಾದರೆ, ಬಲ್ಬಿನ ಸಾವು ಜೂನ್‌ನಲ್ಲಿ ಏಕೆ ಜೋರಾಯಿತು? ಈ ಪ್ರಶ್ನೆಗೆ ಉತ್ತರ ಸಿಗದೆ ಕಟ್‌ಔಟ್ ಬದಲಿಸಿದರೆ ಅದೂ ಊಹೆಯ ರಿಪೇರಿಯೇ.

ಕಿಟ್ ಕಳಚಿ, ಗಾಡಿಯ ಮೂಲ ವೈರಿಂಗನ್ನೇ ತಾತ್ಕಾಲಿಕವಾಗಿ ಬಲ್ಬಿಗೆ ಕೊಟ್ಟು ಅಳೆಯಲಾಯಿತು. ಬ್ಯಾಟರಿಯಲ್ಲಿ 15.3, ಬಲ್ಬಿನಲ್ಲಿ 14.2. ಫ್ಯೂಸ್ ಬಾಕ್ಸ್, ಸ್ಟಿಯರಿಂಗ್ ಪಕ್ಕದ ಸ್ವಿಚ್, ತೆಳು ತಂತಿ, ಹತ್ತಾರು ಜಾಯಿಂಟ್ ಎಲ್ಲ ದಾಟಿ ಬರುವಾಗ 1.1 ವೋಲ್ಟ್ ದಾರಿಯಲ್ಲೇ ಸೋರುತ್ತಿತ್ತು. ರಿಲೇ ಕಿಟ್ ಹಾಕುವುದೇ ಈ ಸೋರಿಕೆ ನಿಲ್ಲಿಸಲು. ದಪ್ಪ ತಂತಿಯಲ್ಲಿ ಬ್ಯಾಟರಿಯಿಂದ ನೇರ ಬಲ್ಬಿಗೆ. ಕಿಟ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಅಷ್ಟು ದಿನ ಬಲ್ಬನ್ನು ಕಾಪಾಡಿದ್ದು ಹಳೆಯ ತಂತಿಯ ದೌರ್ಬಲ್ಯ. ಕಿಟ್ ಬಂದು ಆ ಅಡ್ಡಗೋಡೆಯನ್ನು ತೆಗೆಯಿತು, ಕಟ್‌ಔಟಿನ ರೋಗ ನೇರವಾಗಿ ಫಿಲಮೆಂಟಿಗೆ ತಟ್ಟಿತು. 14.2 ವೋಲ್ಟಿನಲ್ಲಿ ಆಯುಸ್ಸು ಸುಮಾರು 190 ಗಂಟೆ, ಅಂದರೆ ಆರು ತಿಂಗಳ ಸುತ್ತಮುತ್ತ. ಅಕ್ಟೋಬರಿಗೂ ಏಪ್ರಿಲ್‌ಗೂ ನಡುವಿನ ಅಂತರ ಅದೇ.

ಬೆಳಕು ಸಾಲದು ಎಂಬ ಮೂಲ ದೂರಿಗೂ ಬಲ್ಬಿಗೂ ಸಂಬಂಧವೇ ಇರಲಿಲ್ಲ. 14.2 ವೋಲ್ಟಿನ ಬಲ್ಬ್ ತನ್ನ ಲೆಕ್ಕಕ್ಕಿಂತ ಹೆಚ್ಚೇ ಬೆಳಗುತ್ತಿತ್ತು. ಮಂಕಾಗಿದ್ದದ್ದು ಹಳದಿಗಟ್ಟಿದ್ದ ಡೂಮಿನ ಪ್ಲಾಸ್ಟಿಕ್. ಅದಕ್ಕೆ ನೀರುಕಾಗದ (ನೀರು ಹಾಕಿ ಉಜ್ಜುವ ಮರಳುಕಾಗದ), ಪಾಲಿಶ್, ಮೇಲೊಂದು ಯುವಿ ಕ್ಲಿಯರ್ ಕೋಟ್ ಬೇಕಿತ್ತು. ಸಿಕ್ಕಿದ್ದು 100/90 ಬಲ್ಬ್. ಆ ಬಲ್ಬಿನ ಶಾಖಕ್ಕೆ ಎಡಗಡೆಯ ರಿಫ್ಲೆಕ್ಟರಿನ ನೆತ್ತಿಯಲ್ಲಿ ರೂಪಾಯಿಯಗಲದ ಕಂದು ಕಲೆ ಬಿದ್ದಿದೆ. ಅದು ಇನ್ನು ಹೋಗುವುದಿಲ್ಲ.

ಎಡಗಡೆಯ ಗುಟ್ಟು

ಕಡಿಮೆ ವೋಲ್ಟ್ ಸಿಗುತ್ತಿದ್ದ ಎಡಗಡೆಯ ಬಲ್ಬೇ ಬೇಗ ಸಾಯುತ್ತಿತ್ತು. ಮೇಲ್ನೋಟಕ್ಕೆ ತಲೆಕೆಳಗು. ಆದರೆ ಬಿಳಿಹೊಗೆಯ ಬಲ್ಬುಗಳು ವೋಲ್ಟಿನಿಂದ ಸತ್ತವೇ ಅಲ್ಲ.

ಈ ಗಾಡಿಯಲ್ಲಿ ಎಡ ಹೆಡ್‌ಲೈಟಿನ ಬೆನ್ನಿಗೇ ಬ್ಯಾಟರಿ. ಕೈ ತೂರಿಸಲು ಜಾಗವಿಲ್ಲ. ಬಲ್ಬನ್ನು ಕಣ್ಣಿನಿಂದಲ್ಲ, ಬೆರಳಿನಿಂದ ಹುಡುಕಿ ಕೂರಿಸಬೇಕು. ಗಾಜು ಮುಟ್ಟದೆ ಹಾಕುವುದು ಕಷ್ಟ. ಗುಳ್ಳೆ ಬಂದದ್ದು ಹೀಗೆ. ಹೋಲ್ಡರಿನ ಸುತ್ತ ಕೂರುವ ರಬ್ಬರ್ ಟೋಪಿಯ ಮೇಲೆ ‘ಟಾಪ್’ ಎಂಬ ಉಬ್ಬಕ್ಷರವಿರುತ್ತದೆ. ಇಲ್ಲಿ ಆ ಅಕ್ಷರ ಕೆಳಗಿತ್ತು. ನೀರು ಬಸಿದುಹೋಗಲು ಕೆಳಮುಖವಾಗಿ ಇರಬೇಕಾದ ಬಾಯಿ ಮೇಲ್ಮುಖವಾಗಿ, ಬಾನೆಟ್ಟಿನ ಅಂಚಿನಿಂದ ತೊಟ್ಟಿಕ್ಕುವ ಮಳೆನೀರಿಗೆ ಬೊಗಸೆಯೊಡ್ಡಿತ್ತು. ಕಿಟ್‌ನ ದಪ್ಪ ತಂತಿಗಾಗಿ ರಬ್ಬರಿನ ತುಟಿಯನ್ನೂ ಬ್ಲೇಡಿನಿಂದ ಸೀಳಿದ್ದರು. ಡೂಮಿನ ತಳದಲ್ಲಿ ನೀರಿನ ಗೆರೆ ಕಾಣುತ್ತಿತ್ತು. ಕಾದ ಗಾಜಿಗೆ ಒಂದು ಹನಿ ಬಿದ್ದರೆ ಸಾಕು.

ಬಿರುಕಿಗೆ ಇನ್ನೊಂದು ದಾರಿಯೂ ಇತ್ತು. ಕಿಟ್‌ನ ಎಡ ಅರ್ತ್ ತಂತಿಯ ಥಿಂಬಲ್ಲನ್ನು (ತುದಿಯ ಲೋಹದ ಬಳೆ) ಬ್ಯಾಟರಿ ಪಕ್ಕದಲ್ಲೇ, ಬಣ್ಣ ಕೆರೆಯದ ಬಾಡಿಗೆ ಸ್ಕ್ರೂ ಮಾಡಿದ್ದರು. ಹೆಚ್ಚು ಚಾರ್ಜಾಗಿ ಕುದಿಯುವ ಬ್ಯಾಟರಿಯಿಂದ ಆಸಿಡ್ ಹಬೆ ಏಳುತ್ತದೆ. ಆ ಹಬೆ ಥಿಂಬಲ್ಲಿಗೂ ಹೋಲ್ಡರಿನ ಪಿನ್ನುಗಳಿಗೂ ಹಸಿರುಬಿಳಿ ಹುಗ್ಗಿಯಂತೆ ಕಟ್ಟಿತ್ತು. ಉರಿಯುವ ದೀಪದ ಅರ್ತ್ ಪಿನ್‌ನಿಂದ ಬ್ಯಾಟರಿಯ ಮೈನಸ್‌ಗೆ ಮೀಟರ್ ಹಚ್ಚಿದರೆ 0.8 ವೋಲ್ಟ್, 0.1-0.2ಕ್ಕಿಂತ ಹೆಚ್ಚಿರಬಾರದು. ಸಡಿಲ ಪಿನ್ ಐದು ಆಂಪಿಯರಿನಲ್ಲಿ ಕಾದು ಆ ಶಾಖ ಬಲ್ಬಿನ ಬುಡಕ್ಕೇ ಏರುತ್ತದೆ, ಸೀಲ್ ಬಿಡುತ್ತದೆ. ನಾಲ್ಕನೆಯ ಬಲ್ಬಿನ ಒಂದು ಪಿನ್ ನೀಲಿಗಟ್ಟಿತ್ತು. ಒಂದೇ ಕಟ್‌ಔಟ್ ಬಲಗಡೆಯ ಬಲ್ಬನ್ನು ಮುಂಬಾಗಿಲಿನಿಂದಲೂ, ಎಡಗಡೆಯದನ್ನು ಬ್ಯಾಟರಿಯ ಹಬೆಯಾಗಿ ಹಿತ್ತಿಲಿನಿಂದಲೂ ಹೊಡೆಯುತ್ತಿತ್ತು.

ರಿಪೇರಿ

ಮೊದಲು ಆಲ್ಟರ್ನೇಟರ್. ಕಟ್‌ಔಟನ್ನು ದೂರುವ ಮುನ್ನ, ಅದಕ್ಕೆ ಬ್ಯಾಟರಿಯ ವೋಲ್ಟ್ ತಿಳಿಸುವ ತೆಳು ತಂತಿಯ ಪರೀಕ್ಷೆ. ಆ ತಂತಿಯಲ್ಲಿ ತುಕ್ಕಿದ್ದರೆ ಕಟ್‌ಔಟಿಗೆ ಕಡಿಮೆ ವೋಲ್ಟ್ ಕಂಡು, ಅದು ಪಾಪ, ಏರಿಸುತ್ತಲೇ ಹೋಗುತ್ತದೆ. ಇಲ್ಲಿ ತಂತಿಯ ತುದಿಗೂ ಬ್ಯಾಟರಿಗೂ ವ್ಯತ್ಯಾಸ 0.03 ವೋಲ್ಟ್ ಮಾತ್ರ. ತಂತಿ ನಿರಪರಾಧಿ. ಬ್ಯಾಟರಿ ಮೈನಸ್ ಬಿಚ್ಚಿ, ಆಲ್ಟರ್ನೇಟರ್ ಇಳಿಸಿ, ಕಂಪನಿಯ ಪಾರ್ಟ್ ನಂಬರಿಗೆ ಹೊಂದುವ ಕಟ್‌ಔಟ್ ಹಾಕಲಾಯಿತು. ಆಮೇಲೆ ಐಡ್ಲಿಂಗಿನಲ್ಲಿ 14.3, 2000 ಆರ್‌ಪಿಎಂನಲ್ಲಿ 14.4. ಎಸಿ ಸ್ಕೇಲಿನಲ್ಲಿ 0.06 ವೋಲ್ಟ್, ಅಂದರೆ ಎಸಿಯನ್ನು ಡಿಸಿಯಾಗಿಸುವ ಡಯೋಡುಗಳು ಚೆನ್ನಾಗಿವೆ.

ಚಾರ್ಜಿಂಗ್ ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಳಚುವವರು ಇನ್ನೂ ಇದ್ದಾರೆ. ಡೈನಮೋ ಕಾಲದ ಆ ವಿದ್ಯೆಯನ್ನು ಆಲ್ಟರ್ನೇಟರ್ ಗಾಡಿಯ ಮೇಲೆ ಪ್ರಯೋಗಿಸಿದರೆ ವೋಲ್ಟ್ ಒಮ್ಮೆಲೇ ಜಿಗಿಯುತ್ತದೆ. ಉರಿಯುತ್ತಿರುವ ಬಲ್ಬ್ ಹೋದರೆ ಪುಣ್ಯ, ಇಸಿಯು ಹೋದರೆ ಪಾಪ.

ಕಿಟ್ ಇಟ್ಟುಕೊಳ್ಳುವುದೋ ತೆಗೆಯುವುದೋ? ಕಿಟ್ ಇದ್ದರೆ ಬಲ್ಬಿಗೆ ಸುಮಾರು 14.1 ಸಿಗುತ್ತಿತ್ತು: ಬೆಳಕು ಚೆನ್ನ, ಆಯುಸ್ಸು ಅರ್ಧಕ್ಕಿಂತ ಕಡಿಮೆ. ತೆಗೆದರೆ 13.2ರ ಹತ್ತಿರ, ಬಲ್ಬಿನ ಲೆಕ್ಕವೇ ಆ ವೋಲ್ಟಿನದು. ಡೂಮ್ ಪಾಲಿಶ್ ಆದ ಮೇಲೆ ಬೆಳಕಿನ ಕೊರತೆಯೇ ಉಳಿಯದ ಕಾರಣ ಕಿಟ್ ತೆಗೆಯಲಾಯಿತು. ಅದರಲ್ಲಿ ಎರಡು ಬಲ್ಬಿಗೆ 30 ಆಂಪಿಯರ್ ಫ್ಯೂಸ್ ಇತ್ತು. ಎರಡೂ ಬಲ್ಬ್ ಸೇರಿ ಎಳೆಯುವುದು ಹತ್ತು-ಹನ್ನೊಂದು ಆಂಪಿಯರ್. 15ರ ಫ್ಯೂಸ್ ಸಾಕು. ಇಟ್ಟುಕೊಳ್ಳುವವರು ಅದನ್ನಾದರೂ ಬದಲಿಸಬೇಕು.

ಕಿಟ್ ಇದ್ದಷ್ಟು ದಿನ ಎಡಗಡೆಯ ಮೂಲ ಹೋಲ್ಡರ್ ಬಾಯಿ ತೆರೆದು ನೇತಾಡಿಕೊಂಡಿತ್ತು, ಪಿನ್ನುಗಳು ಹಸಿರು. ಅದನ್ನು ಕತ್ತರಿಸಿ ಹೊಸ ಹೋಲ್ಡರನ್ನು ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿ ತಂತಿಗಳನ್ನು ಒತ್ತಿ ಕೂಡಿಸಿ), ಮೇಲೆ ಕಾಯಿಸಿದರೆ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ಹಾಕಲಾಯಿತು. ಬರೀ ಹೊಸೆದು ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಅದೇ ಹಾಡು. ಮೂಲ ಅರ್ತ್ ಪಾಯಿಂಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಕೆರೆದು, ಬಿಗಿದ ಮೇಲೆ ವ್ಯಾಸಲಿನ್. ಬ್ಯಾಟರಿಯ ಸುತ್ತ ಅಡುಗೆಸೋಡಾ ನೀರಿನಲ್ಲಿ ತೊಳೆದು, ಎಡಗಡೆಗೆ ಹೊಸ ರಬ್ಬರ್ ಟೋಪಿ.

ಬಲ್ಬ್ ಸಾಧಾರಣ 60/55. ಶೇ 100 ಹೆಚ್ಚು ಬೆಳಕು, ಶೇ 130 ಹೆಚ್ಚು ಬೆಳಕು ಎನ್ನುವವು ಫಿಲಮೆಂಟನ್ನು ಇನ್ನಷ್ಟು ಕಾಯಿಸಿಯೇ ಆ ಬೆಳಕು ತೆಗೆಯುವುದು. ದಿನವೂ ಓಡುವ ಗಾಡಿಗೆ ಅಲ್ಲ. ಬುಡದಲ್ಲಿ ವೃತ್ತದೊಳಗಿನ ‘ಇ’ (E) ಎಂಬ ಮಾನ್ಯತೆಯ ಗುರುತು, ವ್ಯಾಟ್, ವೋಲ್ಟ್ ಸ್ಪಷ್ಟವಾಗಿ ಅಚ್ಚಾಗಿರಬೇಕು. ಎಡಗಡೆ ಹಾಕಲು ಬ್ಯಾಟರಿಯನ್ನೇ ಹೊರತೆಗೆಯಲಾಯಿತು. ಹತ್ತು ನಿಮಿಷದ ಕೆಲಸ; ಕಣ್ಣಾರೆ ನೋಡಿ ಕೂರಿಸಬಹುದು. ಬುಡ ಹಿಡಿದು, ಅಗಲದ ಕಿವಿ ಮೇಲೆ ಬರುವಂತೆ ಇಟ್ಟು, ಸ್ಪ್ರಿಂಗ್ ಕ್ಲಿಪ್ ಹಾಕಿ, ‘ಟಾಪ್’ ಮೇಲಕ್ಕೆ. ಗಾಜಿಗೆ ಬೆರಳು ತಾಗಿದ್ದರೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಉರಿಸಬೇಕು.

ಕೊನೆಗೆ ಅಳತೆ: ಬಲ 13.3, ಎಡ 13.2. ತಂತಿ ಅಲ್ಲಾಡಿಸಿದರೂ ಮಿಣುಕಿಲ್ಲ.

ಎಲ್‌ಇಡಿ ಸಲಹೆಯ ಬಗ್ಗೆ ಒಂದು ಮಾತು. ಹ್ಯಾಲೊಜೆನ್‌ಗಾಗಿ ರೂಪಿಸಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಹಾಕಿದರೆ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ದೂರು. ಈ ಗಾಡಿಯ ಮಟ್ಟಿಗೆ ಇನ್ನೊಂದು ಅಪಾಯವಿತ್ತು. ಅಂಥ ಎಲ್‌ಇಡಿಗಳೊಳಗಿನ ಡ್ರೈವರ್ ಸರ್ಕ್ಯೂಟ್ 15 ವೋಲ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೀಪ ಆರುವುದು ನಿಲ್ಲುತ್ತಿತ್ತು, ಎಲ್ಲರೂ ಸರಿಹೋಯಿತು ಎನ್ನುತ್ತಿದ್ದರು, ಬ್ಯಾಟರಿ ಕುದಿಯುತ್ತಲೇ ಇರುತ್ತಿತ್ತು.

ಮುಂದಿನ ಮಳೆಗಾಲಕ್ಕೆ ಮುನ್ನ, ಜೂನ್ ಮೊದಲ ವಾರ, ಗಾಡಿಯನ್ನು ಮತ್ತೆ ನೋಡಲಾಯಿತು. ಏಳು ತಿಂಗಳು, ಸುಮಾರು 240 ಗಂಟೆ ಬೆಳಕು. ನವೆಂಬರಿನ ಅದೇ ಎರಡು ಬಲ್ಬುಗಳು. ಗಾಜು ಸ್ವಚ್ಛ, ಸುರುಳಿ ನೆಟ್ಟಗೆ. ಬ್ಯಾಟರಿಗೆ ಈ ಅವಧಿಯಲ್ಲಿ ನೀರು ಹಾಕಿದ್ದು ಒಂದೇ ಸಲ. ಚಾರ್ಜಿಂಗ್ 14.3. ಎಡ ಡೂಮಿನ ಒಳಗೆ ಬೆಳಗಿನ ಹೊತ್ತು ತೆಳುವಾಗಿ ಮಂಜು ಕಟ್ಟುತ್ತಿತ್ತು, ದೀಪ ಹಾಕಿದ ಹತ್ತು ನಿಮಿಷಕ್ಕೆ ಆರುತ್ತಿತ್ತು. ಅದನ್ನು ಹಾಗೇ ಬಿಡಲಾಯಿತು.